ಖಾಲಿ ಜಾಗದ ತೂಕ

ಕೆನ್ನೆಗೆ ನೊರೆ ಹಚ್ಚಿಕೊಂಡು ಕನ್ನಡಿಯೆದುರು ನಿಂತವನಿಗೆ ರೇಜರ್ ಎತ್ತಲು ಮನಸ್ಸಾಗಲಿಲ್ಲ. ಸಂಜೆ ನಾಲ್ಕಕ್ಕೆ ಸಭೆ. ಕನ್ನಡಿಯ ಮೂಲೆಗೆ ಹೆಂಡತಿ ಸಿಕ್ಕಿಸಿಟ್ಟಿದ್ದ ಹಳದಿ ಕರಪತ್ರವನ್ನು ಈ ವಾರದಲ್ಲಿ ನೂರು ಸಲವಾದರೂ ಓದಿರಬೇಕು. ನಿವೃತ್ತರ ಸಂಘದ ತಿಂಗಳ ಉಪನ್ಯಾಸ, ವಾಚನಾಲಯದ ಮಹಡಿಯ ಮೇಲೆ. ವಿಷಯ: ಖಾಲಿ ಜಾಗದ ತೂಕ. ಉಪನ್ಯಾಸ ಕೊಡುವವರು ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ ಅವನ ಮಾವ. ಅಧ್ಯಕ್ಷತೆ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವನದು. ಅಧ್ಯಕ್ಷರ ಹೆಸರು ಉಪನ್ಯಾಸಕರ ಹೆಸರಿಗಿಂತ ದಪ್ಪ ಅಕ್ಷರದಲ್ಲಿತ್ತು. ಹಟ ಹಿಡಿದು ಹಾಗೆ ಹಾಕಿಸಿದವರು ಮಾವನೇ ಅಂತೆ. ಆ ದಪ್ಪ ಅಕ್ಷರ ಕಣ್ಣಿಗೆ ಬಿದ್ದಾಗಲೆಲ್ಲ ಕರಪತ್ರವನ್ನು ಮಗುಚಿ ಇಡೋಣವೆನ್ನಿಸುತ್ತಿತ್ತು. ನಿನ್ನೆ ಸಂಜೆ ಸಹೋದ್ಯೋಗಿಯೊಬ್ಬ ಫೋನು ಮಾಡಿದ್ದ. ಅಂಗಿಯ ತೋಳು, ಮೂಗಿನ ತುದಿ, ಎಲ್ಲೆಂದರಲ್ಲಿ ಬಿಳಿ ಪುಡಿ ಮೆತ್ತಿಕೊಂಡು ತಿರುಗುವ ಆ ಸಹೋದ್ಯೋಗಿಗೆ ವಿದ್ಯಾರ್ಥಿಗಳು ಸೀಮೆಸುಣ್ಣ ಎಂದು ಹೆಸರಿಟ್ಟಿದ್ದರು. 'ನಾವು ಆರು ಜನ ಬರ್ತಾ ಇದೀವಿ ಸಾರ್, ಮುಂದಿನ ಸಾಲು ಹಿಡಿದಿಡಿ. ಇಷ್ಟು ವರ್ಷ ನಿಮ್ಮ ಬಾಯಲ್ಲಿ ಕೇಳಿದ್ದಾಯ್ತು, ಒಂದು ಸಲ ಅವರ ಬಾಯಲ್ಲೇ ಕೇಳೋಣ' ಎಂದು ನಕ್ಕಿದ್ದ. ಅವನೂ ನಕ್ಕಿದ್ದ. ನಗದೆ ಇನ್ನೇನು ಮಾಡುವುದು.

ನೊರೆ ಒಣಗಿ ಚರ್ಮ ಬಿಗಿಯತೊಡಗಿತು. ಅವತ್ತೂ ಹೀಗೇ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೊಸ ಅಳಿಯನ ಗತ್ತಿನಲ್ಲೇ ಮಾವನ ಮನೆಗೆ ಹೋಗಿದ್ದ. ಒಂಬತ್ತು ವರ್ಷವಾಯಿತು. ಊಟ ಮುಗಿದ ಮೇಲೆ ಮಾವ, 'ಒಂದು ನಿಮಿಷ ಬನ್ನಿ, ನಿಮ್ಮಂಥವರು ನೋಡಬೇಕಾದ್ದು ಒಂದಿದೆ' ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಗಳು ಮುಚ್ಚಿದ್ದವು, ಫ್ಯಾನು ಇರಲಿಲ್ಲ. ಕಲ್ಲಿನ ಹಲಗೆಯ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಎರಡು ತಟ್ಟೆಯ ದೊಡ್ಡ ತಕ್ಕಡಿ. ಯಾವುದೋ ಪ್ರಯೋಗಶಾಲೆ ಬೇಡವೆಂದು ಎಸೆದದ್ದನ್ನು ಮಾವ ಬಿಚ್ಚಿ, ಉಜ್ಜಿ, ಕೂದಲೆಳೆ ಇಟ್ಟರೂ ಮುಳ್ಳು ಸರಿಯುವ ಹಾಗೆ ಮಾಡಿದ್ದರು. ಒಂದು ತಟ್ಟೆಯಲ್ಲಿ ಮೂರು ಲೀಟರಿನ ಗಾಜಿನ ಬುರುಡೆ. ಇನ್ನೊಂದು ತಟ್ಟೆಯಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳು. 'ಬುರುಡೆ ಒಳಗಿನ ಗಾಳಿಯೆಲ್ಲ ಪಂಪು ಹಾಕಿ ಎಳೆದು, ಬಾಯಿ ಕರಗಿಸಿ ಮುಚ್ಚಿದೀನಿ' ಎಂದರು. 'ಒಳಗೆ ಏನೂ ಇಲ್ಲ. ಆದ್ರೂ ದಿನಾ ತೂಕ ಬೇರೆ ಬರುತ್ತೆ. ಬಿಸಿಲಿದ್ದ ದಿನ ಭಾರ, ಚಳಿ ದಿನ ಹಗುರ. ಏನೂ ಇಲ್ಲದ್ದು ಹೆಚ್ಚುಕಮ್ಮಿ ಆಗುತ್ತಾ ಹೇಳಿ. ಅಂದ ಮೇಲೆ ಅಲ್ಲಿ ಏನೋ ಇದೆ.' ಆ ಏನೋ ಎಂಬುದು ಈಥರ್ ಎಂದು ಮಾವನ ತೀರ್ಮಾನ. ಎಲ್ಲ ಕಡೆಯೂ ತುಂಬಿಕೊಂಡಿರುವ, ವಸ್ತುಗಳೊಳಕ್ಕೆ ಸದಾ ಹರಿದು ಹೋಗುತ್ತಲೇ ಇರುವ, ಹೋಗುವಾಗ ಎದುರಿಗೆ ಸಿಕ್ಕಿದ್ದನ್ನೆಲ್ಲ ನೂಕಿಕೊಂಡು ಹೋಗುವ ಈಥರ್. ಭೂಮಿ ಎಳೆಯುವುದಿಲ್ಲ, ಆಕಾಶ ನೂಕುತ್ತದೆ. ನೂರು ವರ್ಷದ ಹಿಂದೆಯೇ ವಿಜ್ಞಾನ ಮೂಟೆ ಕಟ್ಟಿ ಅಟ್ಟಕ್ಕೆಸೆದ ಮಾತು ಅದು. ತಕ್ಕಡಿಯನ್ನೂ ಬುರುಡೆಯನ್ನೂ ಒಂದು ಸಲ ನೋಡುವಷ್ಟರಲ್ಲಿ ಎಡವಟ್ಟು ಎಲ್ಲಿದೆಯೆಂದು ಅವನಿಗೆ ಹೊಳೆದಿತ್ತು. ಅದನ್ನು ಹೇಳಲು ಬಾಯಿ ತೆರೆದಿದ್ದನೋ ಇಲ್ಲವೋ ಈಗ ನೆನಪಿಲ್ಲ. ಊಟ ಜಾಸ್ತಿಯಾಗಿ ಕಣ್ಣು ಎಳೆಯುತ್ತಿತ್ತು, ಕೋಣೆ ಸೆಕೆ. 'ಚೆನ್ನಾಗಿದೆ ಮಾವ, ಮುಂದುವರಿಸಿ' ಎಂದು ಹೇಳಿ ಹೊರಗೆ ಬಂದು ಮಲಗಿದ್ದ.

ಮುಂದುವರಿಸಿ ಅಂದಿದ್ದೇ ಸೈ, ಮಾವ ಮುಂದುವರಿಸಿದರು. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ, ಒಂದು ದಿನವೂ ತಪ್ಪದೆ. ಅವನು ಮಾತ್ರ ಸೋಮವಾರ ಚಹಾದ ಹೊತ್ತಿಗೆ ಸಹೋದ್ಯೋಗಿಗಳ ಮುಂದೆ ಅದನ್ನೆಲ್ಲ ಮಾಡಿ ತೋರಿಸಿದ. ಜನರನ್ನು ನಗಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಅವನು ಹೇಳಿದ ಹಾಸ್ಯಕ್ಕೆ ಸಾಮಾನ್ಯವಾಗಿ ಅವನೊಬ್ಬನೇ ನಗುತ್ತಿದ್ದ. ಆದರೆ ಅವತ್ತು ಮಾವ ಉಸಿರು ಬಿಗಿಹಿಡಿದು ಚಿಮಟದಲ್ಲಿ ತೂಕದ ಕಲ್ಲು ಎತ್ತುವುದನ್ನು ಮಾಡಿ ತೋರಿಸಿದಾಗ ಸೀಮೆಸುಣ್ಣನ ಬಾಯಿಂದ ಚಹಾ ಚಿಮ್ಮಿತು. 'ನಿಮ್ಮ ಮಾವ ಬುರುಡೆ ತೂಗ್ತಾರೋ ಬಿಡ್ತಾರೋ?' ಎಂದ ಒಬ್ಬ. ಅಂದಿನಿಂದ ವಾರಕ್ಕೊಮ್ಮೆಯಾದರೂ ಯಾರಾದರೂ, 'ಏನಂತಾರೆ ಈಥರ್ ಮಾವ?' ಎಂದು ಕೇಳುವುದು, ಅವನು ಕುರ್ಚಿ ಹಿಂದಕ್ಕೆ ಸರಿಸಿ ಶುರುಮಾಡುವುದು. ಹೇಳಲು ಹೊಸದಿಲ್ಲದಿದ್ದಾಗ ಸೇರಿಸಿ ಹೇಳಿದ್ದೂ ಉಂಟು. ಕೆಟ್ಟ ಉದ್ದೇಶವೇನೂ ಇರಲಿಲ್ಲ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಒಳ್ಳೆಯ ಉದ್ದೇಶ ಯಾವುದಿತ್ತು ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

'ರೀ, ನೊರೆ ಒಣಗ್ತಿದೆ' ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. ಕೈಯಲ್ಲಿ ಅವನ ಅಂಗಿ. ಹೋಗಲಿಲ್ಲ. 'ಒಂದು ಕೇಳ್ಲಾ? ಅಪ್ಪ ಹೇಳ್ತಿರೋದು ನಿಜಾನಾ?'

ಒಂಬತ್ತು ವರ್ಷದಲ್ಲಿ ಅವಳು ಅದನ್ನು ಒಂದು ಸಲವೂ ಕೇಳಿರಲಿಲ್ಲ. ಅಪ್ಪನೂ ಗಂಡನೂ ತಿಳಿದವರು, ಅವರವರಲ್ಲಿ ಮಾತಾಗಿದೆ ಎಂದುಕೊಂಡಿದ್ದಳು.

'ಇಲ್ಲ' ಎಂದ.

'ಮತ್ತೆ ತೂಕ ಯಾಕೆ ಬದಲಾಗುತ್ತೆ?'

'ನೀರಿನ ತೊಟ್ಟಿಗೆ ಇಳಿದ್ರೆ ಮೈ ಹಗುರ ಆಗುತ್ತಲ್ಲ, ಹಾಗೆ. ಬುರುಡೆ ಗಾಳಿಯೊಳಗೆ ಮುಳುಗಿ ಕೂತಿದೆ. ಚಳೀಲಿ ಗಾಳಿ ದಟ್ಟ, ಸ್ವಲ್ಪ ಜಾಸ್ತಿ ಎತ್ತುತ್ತೆ. ಬಿಸಿಲಲ್ಲಿ ತೆಳು, ಕಮ್ಮಿ ಎತ್ತುತ್ತೆ. ಅಪ್ಪ ಒಳಗಿನ ಗಾಳಿ ತೆಗೆದ್ರು, ಹೊರಗಿನ ಗಾಳಿ ಮರೆತ್ರು.'

'ಇಷ್ಟೇನಾ?'

'ಇಷ್ಟೇ.'

ಅವಳು ಅಂಗಿಯನ್ನು ಬಾಗಿಲಿಗೆ ತೂಗುಹಾಕಿದಳು. ಗುಂಡಿಗಳನ್ನು ಒಂದೊಂದಾಗಿ ಹಾಕಿದಳು, ತೆಗೆಯಬೇಕಾದವು ಎಂಬುದು ಮರೆತು. 'ನಿಮಗೆ ಯಾವಾಗ ಗೊತ್ತಾಯ್ತು?' ಎಂದು ಕೇಳಿದಳು. 'ಈ ವಾರ. ಅಧ್ಯಕ್ಷ ಭಾಷಣ ಬರೆಯೋವಾಗ' ಎಂದ. ಸುಳ್ಳು ಬಾಯಿಗೆ ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯವಾಯಿತು. 'ಹಾಗಾದ್ರೆ ಈಗ್ಲೇ ಹೋಗಿ ಹೇಳಿ. ನಾಲ್ಕು ಗಂಟೆಗೆ ಅಷ್ಟು ಜನರ ಮುಂದೆ ಅಪ್ಪ ನಗೆಪಾಟಲಾಗೋದು ಬೇಡ. ನಾನು ಹೇಳಿದ್ರೆ ಗದರಿಸಿ ಕೂರಿಸ್ತಾರೆ. ನೀವು ಹೇಳಿದ್ರೆ ಕೇಳ್ತಾರೆ' ಎಂದಳು. ಕ್ಷೌರ ಮಾಡಿಕೊಳ್ಳುವಾಗ ಗದ್ದದ ಕೆಳಗೆ ಕುಯ್ದುಕೊಂಡ.

ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಗದ್ದಕ್ಕೆ ಅಂಟಿಸಿದ್ದ ಕಾಗದದ ಚೂರನ್ನು ಎದುರಿಗೆ ಕೂತ ಹೆಂಗಸೊಬ್ಬಳು ಕಣ್ಣು ಕೀಳದೆ ನೋಡುತ್ತಿದ್ದಳು. ಅದನ್ನು ತೆಗೆಯೋಣವೆಂದರೆ ಒಂದು ಕೈ ಮೇಲಿನ ಸರಳಿನಲ್ಲಿ, ಇನ್ನೊಂದು ಕೈ ಯಾರದೋ ಚೀಲದ ಅಡಿಯಲ್ಲಿ. ಖಾಲಿ ಜಾಗ ಎಂದರೇನು ಎಂದು ಪ್ರತಿ ವರ್ಷ ಕೊನೆಯ ತರಗತಿಗೆ ಅವನು ಪಾಠ ಮಾಡುತ್ತಾನೆ. ಏನೂ ಇಲ್ಲದ ಕಡೆಯೂ ಒಂದಿಷ್ಟು ಶಕ್ತಿ ಇದ್ದೇ ಇರುತ್ತದೆ. ಅದು ಎಷ್ಟೆಂದು ಲೆಕ್ಕ ಹಾಕಿದರೆ ಬರುವ ಉತ್ತರಕ್ಕೂ ಆಕಾಶ ನೋಡಿ ಅಳೆದ ಉತ್ತರಕ್ಕೂ ಒಂದರ ಮುಂದೆ ನೂರಿಪ್ಪತ್ತು ಸೊನ್ನೆಯಷ್ಟು ವ್ಯತ್ಯಾಸ. ಇಷ್ಟು ದೊಡ್ಡ ತಪ್ಪನ್ನು ಇನ್ಯಾವ ಕಸುಬಿನವರೂ ಮಾಡಿದ್ದಿಲ್ಲ ಎಂದಾಗ ಮಕ್ಕಳು ನಗುತ್ತಾರೆ, ಗೌರವದಿಂದ. ಇದನ್ನೊಮ್ಮೆ ಮಾವನಿಗೂ ಹೇಳಿದ್ದ. ಮಾವನಿಗೆ ಹಬ್ಬವೋ ಹಬ್ಬ. 'ನೋಡಿ ಮತ್ತೆ. ನಾನು ಏನಾದ್ರೂ ಹಾಗೆ ತೂಕ ಮಾಡಿದ್ರೆ ಗಿರಾಕಿ ತಕ್ಕಡೀನೇ ತೆಗೆದು ತಲೆ ಮೇಲೆ ಹಾಕೋನು. ನಿಮ್ಮವರು ತಪ್ಪು ಮಾಡಿದ್ರೆ ಸಂಶೋಧನೆ' ಎಂದಿದ್ದರು. ಅದನ್ನೂ ಸೋಮವಾರ ಚಹಾಕ್ಕೆ ಒಯ್ದಿದ್ದ. ಯಾಕೋ ಅವತ್ತು ಯಾರೂ ಅಷ್ಟಾಗಿ ನಗಲಿಲ್ಲ.

ಮಾವ ಹನ್ನೊಂದು ಗಂಟೆಗೇ ಸಭೆಯ ಅಂಗಿ ತೊಟ್ಟು ಕೂತಿದ್ದರು. ಅತ್ತೆ ಬಾಗಿಲು ತೆರೆದು, 'ಬನ್ನಿ. ನೀವಾದ್ರೂ ಒಂದು ತುತ್ತು ತಿನ್ನಿ ಅಂತ ಹೇಳಿ ಅವರಿಗೆ. ನೆನ್ನೆಯಿಂದ ಮದುವೆ ಗಂಡಿನ ಹಾಗೆ ಆಡ್ತಿದಾರೆ' ಎಂದರು. ಹಿಂದಿನ ಕೋಣೆಯ ಮೇಜಿನ ಮೇಲೆ ಹದಿನೇಳು ನೋಟ್‌ಬುಕ್ಕುಗಳು, ಎಲ್ಲಕ್ಕೂ ಕಂದು ರಟ್ಟು ಹಾಕಿ ಮೇಲೆ ತಾರೀಕು ಬರೆದದ್ದು. ಒಂದು ಬೋಗುಣಿಯ ತಳಕ್ಕೆ ತೂತು ಕೊರೆದು ಬೆಣೆ ಬಡಿದಿದ್ದರು. 'ಇದು ಜನರಿಗೆ ತೋರಿಸೋಕೆ' ಎಂದು ಬೋಗುಣಿಗೆ ನೀರು ಸುರಿದು, ಎರಡು ಚೂರು ಕಡ್ಡಿ ಹಾಕಿ, ಬೆಣೆ ಕಿತ್ತರು. ಕಡ್ಡಿಗಳು ಸುತ್ತಿಕೊಂಡು ತೂತಿನ ಕಡೆಗೆ ಹೋದವು. 'ನೋಡಿದೋರು ತೂತು ಎಳೀತು ಅಂತಾರೆ. ಬಚ್ಚಲ ತೂತಿಗೂ ಕಸಕ್ಕೂ ಏನು ನೆಂಟಸ್ತನ? ನೀರು ತಾನು ಹೋಗ್ತಾ ಕಡ್ಡೀನ ತಳ್ಕೊಂಡು ಹೋಗುತ್ತೆ. ನಾವು ನೆಲಕ್ಕೆ ಅಂಟಿಕೊಂಡಿರೋದೂ ಹೀಗೇ. ಹೇಗಿದೆ, ಮಕ್ಕಳಿಗೂ ಅರ್ಥವಾಗಲ್ವಾ?' ಅರ್ಥವಾಗುತ್ತಿತ್ತು. ಅವನು ಪಾಠ ಮಾಡುವುದಕ್ಕಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ಕೆಳಗೆ ಹರಿದ ನೀರನ್ನು ಅತ್ತೆ ಬಂದು ಮಾತಿಲ್ಲದೆ ಒರೆಸಿಕೊಂಡು ಹೋದರು.

ದಾರಿಯುದ್ದಕ್ಕೂ ಅವನು ಪೀಠಿಕೆಯೊಂದನ್ನು ಹೊಂದಿಸಿಕೊಂಡಿದ್ದ. ದೊಡ್ಡ ದೊಡ್ಡವರೂ ತಪ್ಪಿದ್ದಾರೆ, ತಪ್ಪೂ ಜ್ಞಾನದ ಒಂದು ಮೆಟ್ಟಿಲು, ಇತ್ಯಾದಿ. ಈಗ ಅದು ನಾಲಗೆಗೆ ಬರಲಿಲ್ಲ. ಗಾಜಿನ ಪೆಟ್ಟಿಗೆಯನ್ನೇ ನೋಡುತ್ತ, 'ಮಾವ, ಬುರುಡೆ ಒಳಗಿನ ಗಾಳಿ ತೆಗೆದಿರಿ. ಹೊರಗಿನ ಗಾಳಿ?' ಎಂದ.

'ಹೊರಗಿನ ಗಾಳಿಗೇನು? ಕಿಟಕಿ ಮುಚ್ಚಿದೀನಲ್ಲ.'

'ಬೀಸೋದಲ್ಲ. ಸುಮ್ನೆ ಇರೋ ಗಾಳಿ. ಅದು ಬುರುಡೇನ ಎತ್ತುತ್ತಲ್ಲ, ನೀರು ಎತ್ತೋ ಹಾಗೆ.'

ಮಾವ ನಗಲು ಹೊರಟವರು ಅರ್ಧಕ್ಕೆ ನಿಲ್ಲಿಸಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಬುರುಡೆಯನ್ನು ನೋಡಿದರು, ಇನ್ನೊಂದು ತಟ್ಟೆಯ ಕಲ್ಲುಗಳನ್ನು ನೋಡಿದರು. ಕೈಯನ್ನು ಗಾಳಿಯಲ್ಲಿ ಬುರುಡೆಯ ಅಳತೆಗೆ ಅಗಲಿಸಿದರು, ಆಮೇಲೆ ಮುಷ್ಟಿ ಮಾಡಿದರು. 'ಈ ಕಡೆ ಮೂರು ಲೀಟರು' ಎಂದರು. 'ಆ ಕಡೆ ಒಂದು ಮುಷ್ಟಿ ಹಿತ್ತಾಳೆ.' ಮುಂದಿನದನ್ನು ಅವನು ಹೇಳಬೇಕಾಗಲಿಲ್ಲ. 'ನಲವತ್ತು ವರ್ಷ ಹಿತ್ತಾಳೆಗೆ ಹಿತ್ತಾಳೆ ತೂಗಿದೀನಿ ನಾನು. ಎರಡೂ ಕಡೆ ಗಾತ್ರ ಒಂದೇ. ಗಾಳಿ ಎತ್ತಿದ್ರೂ ಎರಡನ್ನೂ ಎತ್ತುತ್ತೆ, ಇಳಿಸಿದ್ರೂ ಎರಡನ್ನೂ ಇಳಿಸುತ್ತೆ. ಲೆಕ್ಕಕ್ಕೇ ಬರ್ಲಿಲ್ಲ ಅದು ಯಾವತ್ತೂ.' ಸ್ಟೂಲಿನ ಮೇಲೆ ಕೂತರು. 'ಆ ಕಡೆಗೂ ಇಷ್ಟೇ ದೊಡ್ಡ ಬುರುಡೆ ಒಂದು ಇಟ್ಟು ನೋಡಿದ್ರೆ ಸಾಕಿತ್ತು, ಅಲ್ವಾ? ಮುಳ್ಳು ಇದ್ದಲ್ಲೇ ಇರ್ತಿತ್ತು.'

'ಹೌದು.'

'ಒಂದು ದಿನದ ಕೆಲಸ.'

'ಹೌದು ಮಾವ.'

ಪರೀಕ್ಷೆಯಲ್ಲಿ ಹಿಂದುಳಿದ ಹುಡುಗರಿಗೆ ತಪ್ಪು ತೋರಿಸಿಕೊಡುವಾಗ ಅವರು ವಾದ ಮಾಡುತ್ತಾರೆ, ಅಳುತ್ತಾರೆ, ಇನ್ನೊಂದು ಅಂಕಕ್ಕೆ ಗೋಗರೆಯುತ್ತಾರೆ. ಅಂಥದ್ದೇನಾದರೂ ಆಗಲೆಂದು ಅವನು ಕಾಯುತ್ತಿದ್ದ. ಹಾಗೇನಾದರೂ ಆಗಿದ್ದರೆ ಸಮಾಧಾನ ಮಾಡಿ ಎದ್ದು ಬರಬಹುದಿತ್ತು. ಮಾವ ತಪ್ಪನ್ನು ಕೆಟ್ಟ ತಕ್ಕಡಿಯೊಂದರ ಹಾಗೆ ಬಿಚ್ಚಿ ನೋಡಿ, ಎಲ್ಲಿ ಕೆಟ್ಟಿದೆಯೆಂದು ತಿಳಿದುಕೊಂಡು, ಅಷ್ಟಕ್ಕೆ ಬಿಟ್ಟಿದ್ದರು. ಅವನಿಗೆ ಅವರ ಮೇಲೆ ಇದ್ದಕ್ಕಿದ್ದಂತೆ ಬಹಳ ಗೌರವ ಬಂತು. ಇಷ್ಟು ಬೇಗ ಒಪ್ಪಿಕೊಳ್ಳುವ ಮನುಷ್ಯನಿಗೆ ಇದನ್ನು ಯಾವತ್ತು ಬೇಕಾದರೂ ಹೇಳಬಹುದಿತ್ತು ಎಂಬುದೂ ಅದರ ಬೆನ್ನಿಗೇ ಬಂತು.

'ಯಾವಾಗ ಗೊತ್ತಾಯ್ತು ನಿಮಗೆ?' ಎಂದು ಕೇಳಿದರು ಮಾವ.

ಹೆಂಡತಿಗೆ ಹೇಳಿದ್ದ ಉತ್ತರ ಬಾಯಲ್ಲೇ ಇತ್ತು. ಮಾವ ಅವನ ಮುಖ ನೋಡಿ ಕೇಳಿದ್ದರೆ ಅದನ್ನೇ ಹೇಳುತ್ತಿದ್ದನೋ ಏನೋ. ಅವರು ತಕ್ಕಡಿಯನ್ನು ನೋಡುತ್ತ ಕೇಳಿದರು.

'ಮೊದಲನೇ ದಿನ' ಎಂದ.

ಅತ್ತೆ ಊಟದ ಎರಡು ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ಅಲ್ಲೇ ನಿಂತರು. ಮಾವ ಅವನಿಗೆ ದಾರಿ ಮಾಡಿಕೊಡುವವರ ಹಾಗೆ, 'ನನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ರಿ' ಎಂದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅದು ಒಳ್ಳೆಯ ಕಾರಣ, ಯಾರಾದರೂ ನಂಬುವ ಕಾರಣ, ಅವನೇ ಅದನ್ನು ಎಷ್ಟೋ ಸಲ ನಂಬಿದ್ದ. ಮಾವನೇ ಕೈಯೆತ್ತಿ ಕೊಡುತ್ತಿದ್ದಾರೆ, ತೆಗೆದುಕೊಂಡರಾಯಿತು.

'ಇಲ್ಲ ಮಾವ' ಎಂದ. 'ಅಷ್ಟು ಯೋಚನೇನೇ ಮಾಡ್ಲಿಲ್ಲ.'

ಅತ್ತೆ ತಟ್ಟೆಗಳನ್ನು ನೋಟ್‌ಬುಕ್ಕುಗಳ ಮೇಲೇ ಇಟ್ಟರು. ಬೇರೆ ದಿನವಾಗಿದ್ದರೆ ಮಾವ ಬೈಯುತ್ತಿದ್ದರು. 'ನನ್ನ ತಂಗಿ ಹಾಸಿಗೆ ಹಿಡಿದಾಗ ಬನ್ನಿ ಅಂತ ಎಷ್ಟು ಕೇಳ್ಕೊಂಡೆ' ಎಂದರು ಅತ್ತೆ, ಯಾರಿಗೆ ಎಂದಿಲ್ಲದೆ. 'ಬೆಳಿಗ್ಗೆ ತೂಕ, ಸಂಜೆ ತೂಕ, ಹೇಗೆ ಬರ್ಲಿ ಅಂದ್ರು. ನಾನೊಬ್ಬಳೇ ಹೋದೆ. ಅವಳು ಕೊನೇವರೆಗೂ ಭಾವ ಬರ್ಲಿಲ್ವಾ, ಭಾವ ಬರ್ಲಿಲ್ವಾ ಅಂತ ಕೇಳ್ತಿದ್ಲು.' ದನಿ ಏರಲಿಲ್ಲ. ಬಟ್ಟೆ ಒಣಗಿದೆಯೇ ಎಂದು ಕೇಳುವ ದನಿ. ಅವನು ಏನಾದರೂ ಹೇಳಬೇಕೆಂದು, ಸಂಘದ ಕಾರ್ಯದರ್ಶಿಗೆ ಫೋನು ಮಾಡಿ ಸಭೆ ಮುಂದಕ್ಕೆ ಹಾಕಿಸುತ್ತೇನೆ, ಮಾವನಿಗೆ ಹುಷಾರಿಲ್ಲ ಅಂದರಾಯಿತು ಎಂದ. 'ಯಾಕೆ? ನಾನು ಹುಷಾರಾಗೇ ಇದೀನಿ' ಎಂದರು ಮಾವ. 'ಜನರಿಗೆ ಬನ್ನಿ ಅಂದಾಗಿದೆ. ನೀವು ಅಧ್ಯಕ್ಷರು. ನಾಲ್ಕಕ್ಕೆ ಬನ್ನಿ.' ಅವನಿಗೆ ಊಟಕ್ಕೆ ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಹಾಗಾದದ್ದು ಅದೇ ಮೊದಲು.

ವಾಚನಾಲಯದ ಮಹಡಿಯ ಹಾಲಿನಲ್ಲಿ ನಲವತ್ತು ಕುರ್ಚಿಗಳಿದ್ದವು, ಹೆಚ್ಚೂಕಡಿಮೆ ತುಂಬಿದ್ದವು. ಮುಂದಿನ ಸಾಲಿನಲ್ಲಿ ಸೀಮೆಸುಣ್ಣ ಮತ್ತು ಉಳಿದ ಐವರು ಕಾಲ ಮೇಲೆ ಕಾಲು ಹಾಕಿ, ನಗುವನ್ನು ತುಟಿಯಂಚಿಗೆ ತಂದಿಟ್ಟುಕೊಂಡು ಕೂತಿದ್ದರು. ಅವರ ಹಿಂದೆ ಹೆಂಡತಿ, ಅತ್ತೆ. ವೇದಿಕೆಯ ಮೇಲೆ ಅವನ ಕುರ್ಚಿಗೆ ಕೈಗಳಿದ್ದವು, ಮಾವನದಕ್ಕೆ ಇರಲಿಲ್ಲ. ಹೆಂಡತಿ ಹುಬ್ಬಿನಲ್ಲೇ, ಹೇಳಿದಿರಾ ಎಂದು ಕೇಳಿದಳು, ಅವನು ಹೌದೆಂದು ತಲೆಯಾಡಿಸಿದ. ಮಾವ ಬೋಗುಣಿ ತಂದಿರಲಿಲ್ಲ. ಹಲಗೆಯ ಮೇಲೆ ತಕ್ಕಡಿಯ ಚಿತ್ರ ಬರೆದರು, ಬುರುಡೆ ಬರೆದರು, ಒಳಗೆ ಏನೂ ಇಲ್ಲ ಎಂದರು, ಆದರೂ ತೂಕ ಬದಲಾಗುತ್ತದೆ ಎಂದರು. ಈಥರ್ ಎಂಬ ಶಬ್ದ ಬಂದೊಡನೆ ಮುಂದಿನ ಸಾಲಿನಲ್ಲಿ ಮೊಣಕೈಗಳು ಅಲುಗಿದವು. 'ಇದರಿಂದ ಈಥರ್ ಇದೆ ಅಂತ ಒಂಬತ್ತು ವರ್ಷ ನಂಬಿದ್ದೆ' ಎಂದರು ಮಾವ. 'ಇವತ್ತು ಬೆಳಿಗ್ಗೆ ಹನ್ನೊಂದೂವರೆವರೆಗೂ ನಂಬಿದ್ದೆ. ಅದು ಈಥರ್ ಅಲ್ಲ, ಬರೀ ಗಾಳಿ.' ಆಮೇಲೆ ಮೂರು ಲೀಟರು, ಒಂದು ಮುಷ್ಟಿ, ಹಿತ್ತಾಳೆಗೆ ಹಿತ್ತಾಳೆ, ಎಲ್ಲವನ್ನೂ ಹೇಳಿದರು. ಎಲ್ಲಿ ಎಡವಿದೆ, ಕಸುಬೇ ತನ್ನ ಕಣ್ಣು ಕಟ್ಟಿದ್ದು ಹೇಗೆ, ಹೇಗೆ ಒಂದೇ ದಿನದಲ್ಲಿ ತಿಳಿದುಕೊಳ್ಳಬಹುದಿತ್ತು. ಇಪ್ಪತ್ತು ನಿಮಿಷ. ಸೀಮೆಸುಣ್ಣ ಕಾಲು ಕೆಳಗಿಟ್ಟು ಮುಂದಕ್ಕೆ ಬಾಗಿ ಕೇಳುತ್ತಿದ್ದ. ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದವನೂ ಅವನೇ, ಅಣಕಕ್ಕಲ್ಲ, ನಿಜವಾಗಿಯೇ.

ಪೋಸ್ಟ್‌ಮನ್ ಆಗಿದ್ದ ಮುದುಕರೊಬ್ಬರು ಎದ್ದು, 'ಈ ತಪ್ಪು ಕಂಡುಹಿಡಿದಿದ್ದು ನೀವೇನಾ?' ಎಂದು ಕೇಳಿದರು.

'ನಾನಲ್ಲ. ನಮ್ಮ ಅಳಿಯಂದಿರು' ಎಂದರು ಮಾವ. 'ತಕ್ಕಡಿ ನೋಡಿದ ಮೊದಲನೇ ದಿನವೇ ಗೊತ್ತಾಗಿತ್ತು ಅವರಿಗೆ.'

ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಅವನು ಹುಡುಕಿದ. ಇರಲಿಲ್ಲ, ಅಥವಾ ಅವನಿಗೆ ಸಿಗಲಿಲ್ಲ. ಗ್ರಾಂ, ಮಿಲಿಗ್ರಾಂ ಓದುವ ದನಿಯಲ್ಲೇ ಹೇಳಿದ್ದರು. ಮುದುಕರೆಲ್ಲ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು, ಎದ್ದು ನಿಲ್ಲಿ ಸಾರ್ ಎಂದರು, ಅವನು ಎದ್ದು ನಿಂತ. ಪೋಸ್ಟ್‌ಮನ್ ಇನ್ನೂ ಕೂತಿರಲಿಲ್ಲ. 'ಮೊದಲನೇ ದಿನ ಅಂದ್ರೆ ಒಂಬತ್ತು ವರ್ಷದ ಹಿಂದೇನಾ?' ಎಂದರು, ಸುಮ್ಮನೆ ತಿಳಿದುಕೊಳ್ಳಲು. 'ಹೌದು' ಎಂದರು ಮಾವ. ಚಪ್ಪಾಳೆ ಒಂದು ಕಡೆಯಿಂದ ಕಡಿಮೆಯಾಗುತ್ತ ಬಂತು. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಈ ವಾರ ಎಂದಿದ್ದನಲ್ಲ.

ಈಗ ಅಧ್ಯಕ್ಷರ ಮಾತು ಎಂದರು ಕಾರ್ಯದರ್ಶಿ. ಜೇಬಿನಲ್ಲಿ ಎರಡು ಹಾಳೆಯ ಭಾಷಣವಿತ್ತು. ಅದರಲ್ಲಿ ಸಾಧಕರು, ತಪಸ್ಸು ಎಂಬ ಶಬ್ದಗಳಿದ್ದವು. ಅವನು ಅದನ್ನು ಹೊರಗೆ ತೆಗೆಯಲಿಲ್ಲ. ಮಾವ ಮೈಕನ್ನು ಅವನ ಎತ್ತರಕ್ಕೆ ಸರಿಮಾಡಿ, 'ನಿಧಾನಕ್ಕೆ ಹೇಳಿ, ಎಲ್ಲರಿಗೂ ಕೇಳಿಸ್ಲಿ' ಎಂದು ಪಕ್ಕಕ್ಕೆ ಸರಿದು ನಿಂತರು. ಇನ್ನೊಂದು ವಿಷಯ ಅವರಿಗೆ ಗೊತ್ತಿಲ್ಲ ಎಂಬುದು ಅವನಿಗೂ ಮುಂದಿನ ಸಾಲಿನ ಆರು ಜನರಿಗೂ ಒಟ್ಟಿಗೇ ನೆನಪಾದಂತಿತ್ತು. ಸೀಮೆಸುಣ್ಣ ಅವನ ಕಡೆ ನೋಡಿ, ಬೇಡ ಎನ್ನುವ ಹಾಗೆ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದ.

'ಗೊತ್ತಿತ್ತು' ಎಂದ ಅವನು. 'ಮಾವನಿಗೆ ಹೇಳ್ಲಿಲ್ಲ. ಇಲ್ಲಿ ಮುಂದೆ ಕೂತಿರೋ ನಮ್ಮ ಕಾಲೇಜಿನವರಿಗೆ ಹೇಳ್ತಿದ್ದೆ. ಪ್ರತಿ ವಾರ ಹೇಳ್ತಿದ್ದೆ. ಮಾವ ಹೇಗೆ ಉಸಿರು ಬಿಗಿಹಿಡಿದು ಕಲ್ಲು ಇಡ್ತಾರೆ ಅಂತ ಮಾಡಿ ತೋರಿಸ್ತಿದ್ದೆ. ಎಲ್ಲರೂ ನಗ್ತಿದ್ವಿ.'

ಮಾವ ಕೈಕಟ್ಟಿಕೊಂಡು ನಿಂತೇ ಇದ್ದರು. ಮುಂದಿನ ಸಾಲಿನ ಆರು ಜನರ ಮುಖಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡಿದರು. ಆಮೇಲೆ ಹಲಗೆ ಒರೆಸುವ ಬಟ್ಟೆ ತೆಗೆದುಕೊಂಡು, ತಾವು ಬರೆದ ತಕ್ಕಡಿಯನ್ನೂ ಬುರುಡೆಯನ್ನೂ ಪೂರ್ತಿ ಅಳಿಸಿ, ಮೆಟ್ಟಿಲಿಳಿದು ಹೋಗಿ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಸಭೆ ಮುಗಿಯುವವರೆಗೂ ಅವನ ಕಡೆ ನೋಡಲಿಲ್ಲ.